ಮುಚ್ಚಿಹೋಗುವ ಕೆಲಸ

ಕಳೆದ ಒಂದು ವರ್ಷದಿಂದ ನಾನೊಂದು ಹಡಗು ಕಟ್ಟುತ್ತಿದ್ದೇನೆ. ಓದುಗರು ಗಾಬರಿಯಾಗಬೇಕಾಗಿಲ್ಲ. ಅದು ಮೇಜಿನ ಮೂಲೆಯಲ್ಲಿ ಹಿಡಿಸುವಷ್ಟು ಸಣ್ಣದು. ಸುಮಾರು ಒಂದೂವರೆ ಅಡಿ ಉದ್ದದ ಮರದ ಮಾದರಿ. ನೀರಿಗಿಳಿಯುವ ಯೋಗ ಅದಕ್ಕಿಲ್ಲ. ಮನೆಯವರು ಇದನ್ನು ನಿವೃತ್ತಿಯ ಕಾಲದ ಹುಚ್ಚೆಂದು ಕರೆದು, ಹಾಗೆ ಕರೆದ ಮೇಲೆ ಕ್ಷಮಿಸಿಯೂ ಬಿಟ್ಟಿದ್ದಾರೆ. ಆದರೆ ಈ ಆಟಿಕೆಯ ನಡುವೆ ಆಟವಲ್ಲದ ಒಂದು ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಯಾರ ಕಣ್ಣಿಗೂ ಬೀಳದ ಕಡೆ ಕೆಲಸವನ್ನು ಸರಿಯಾಗಿ ಏಕೆ ಮಾಡಬೇಕು?

ನಾನು ಆರಿಸಿಕೊಂಡ ಹಡಗಿನ ಹೆಸರು ಟ್ರಿಂಕೊಮಲಿ. ಸಿಂಹಳದ ರೇವುಪಟ್ಟಣದ ಹೆಸರನ್ನು ಹೊತ್ತ ಈ ಯುದ್ಧನೌಕೆ ಬ್ರಿಟಿಷ್ ನೌಕಾದಳಕ್ಕಾಗಿ ನಮ್ಮ ಮುಂಬಯಿಯಲ್ಲಿ ಸಿದ್ಧವಾಯಿತು. ನೆಪೋಲಿಯನ್ನನ ಕಾಲದ ಯುದ್ಧಗಳಲ್ಲಿ ಇಂಗ್ಲೆಂಡಿನ ಓಕ್ ಮರ ಸಾಲದಾಗಿತ್ತು; ಆದುದರಿಂದ ಮಲಬಾರಿನ ತೇಗಕ್ಕೆ ಕರೆ ಬಂತು. ಹಡಗಿನ ನಕ್ಷೆಯನ್ನು ಹೊತ್ತು ಬರುತ್ತಿದ್ದ ಜಾವಾ ಎಂಬ ನೌಕೆ 1812ರ ಡಿಸೆಂಬರಿನಲ್ಲಿ ಅಮೆರಿಕದವರ ಕೈಗೆ ಸಿಕ್ಕಿ ನಾಶವಾಯಿತು. ಬೇರೆ ನಕ್ಷೆ ಬಂದು, 1816ರಲ್ಲಿ ಅಡಿಮರವಿಟ್ಟು, 1817ರ ಅಕ್ಟೋಬರ್ 12ರಂದು ಹಡಗನ್ನು ನೀರಿಗೆ ಬಿಟ್ಟರು. ಕಟ್ಟಿಸಿದ ಮುಖ್ಯ ಶಿಲ್ಪಿ ಪಾರ್ಸಿ ಮನೆತನದ ಜಮ್ಶೇಟ್‌ಜಿ ಬೊಮನ್‌ಜಿ ವಾಡಿಯಾ. ಆತನ ಕೈಕೆಳಗೆ ಬಾಚಿ ಹಿಡಿದು ದುಡಿದವರ ಹೆಸರು ನಮ್ಮ ನಾಲಗೆಯ ಮೇಲಿಲ್ಲ; ಅವರು ಕೂಡಿಸಿದ ಮರ ಮಾತ್ರ ಇದೆ. ಮುಂದೆ ತರಬೇತಿಯ ಹಡಗಾಗಿ 1986ರವರೆಗೆ ದುಡಿದು, ಜೀರ್ಣೋದ್ಧಾರವಾಗಿ, ಆ ಹಡಗು ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ನೀರಿನ ಮೇಲೆ ನಿಂತಿದೆ.

ಮಾದರಿಯನ್ನು ಕಟ್ಟಲು ಸುಲಭವಾದ ದಾರಿಯೂ ಉಂಟು. ತೆಳುಹಲಗೆಯನ್ನು ಹಡಗಿನ ಅಡ್ಡಕೊಯ್ತದ ಆಕಾರಕ್ಕೆ ಕತ್ತರಿಸಿ, ಅಂಥ ಹತ್ತು ಹನ್ನೆರಡು ತುಂಡುಗಳನ್ನು ಅಡಿಮರಕ್ಕೆ ಸಿಕ್ಕಿಸಿ, ಮೇಲೆ ಪಟ್ಟಿಗಳನ್ನು ಹೊದಿಸಿದರೆ ಮುಗಿಯಿತು. ನಾನು ಹಟಕ್ಕೆ ಬಿದ್ದು ಹಡಗಿನ ಪಕ್ಕೆಲುಬುಗಳನ್ನು ಒಂದೊಂದಾಗಿ, ನಿಜವಾದ ಹಡಗಿನಲ್ಲಿ ಕೂಡಿಸಿದಂತೆಯೇ ಕೂಡಿಸಲು ಹೊರಟೆ. ಅಳತೆ ಅಡಿಗೆ ಎಂಟನೇ ಒಂದು ಅಂಗುಲ. ಸುಮಾರು ನಲವತ್ತು ಅಡಿ ಅಗಲದ ಹಡಗು ನನ್ನಲ್ಲಿ ಐದು ಅಂಗುಲ. ಒಂದಡಿ ದಪ್ಪದ ತೊಲೆ ನನ್ನಲ್ಲಿ ಒಂದು ಬೆಂಕಿಕಡ್ಡಿಗಿಂತ ಸ್ವಲ್ಪ ದಪ್ಪ. ಇಷ್ಟು ಸಣ್ಣ ಕೆಲಸಕ್ಕೆ ತೇಗದ ನಾರು ಒರಟಾಗುತ್ತದೆ. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆಮರವನ್ನು ತಂದುಕೊಂಡೆ. ಅದು ದಂತದಂತೆ ನುಣುಪು. ಉಳಿಯ ಮಾತನ್ನು ಕೇಳುತ್ತದೆ.

ಹಡಗಿನ ಪಕ್ಕೆಲುಬೆಂದರೆ ಒಂದೇ ಮರವಲ್ಲ. ಅಡಿಯಿಂದ ಅಂಚಿನವರೆಗೆ ಹಾಗೆ ಬಾಗಿ ಬೆಳೆಯುವ ಮರ ಯಾವ ಕಾಡಿನಲ್ಲಿದೆ? ಅಡಿಮರದ ಮೇಲೆ ಅಡ್ಡಲಾಗಿ ಒಂದು ತುಂಡು, ಅದರ ಎರಡು ತುದಿಗಳಿಂದ ಮೇಲಕ್ಕೆ ಒಂದರ ತಲೆಗೆ ಒಂದರಂತೆ ಬಾಗಿದ ತುಂಡುಗಳು. ಹೀಗೆ ಜೋಡಿಸಿದ ಒಂದು ಸಾಲಿನ ಬೆನ್ನಿಗೆ ಅಂಥದೇ ಇನ್ನೊಂದು ಸಾಲು. ಜಾಣತನವಿರುವುದು ಇಲ್ಲಿ: ಒಂದು ಸಾಲಿನ ಸಂದು ಎಲ್ಲಿ ಬರುತ್ತದೆಯೋ ಅಲ್ಲಿ ಇನ್ನೊಂದು ಸಾಲಿನ ಗಟ್ಟಿಮರದ ನಡುಭಾಗ ಬರಬೇಕು. ಒಬ್ಬನ ದೌರ್ಬಲ್ಯಕ್ಕೆ ಮತ್ತೊಬ್ಬನ ಭುಜ. ಒಳ್ಳೆಯ ಸಂಸಾರದ ಲಕ್ಷಣವೂ ಇದೇ ಇರಬೇಕು. ಇನ್ನು ಹಡಗಿನ ನಡುವಿನಲ್ಲಿ ಪಕ್ಕೆಲುಬಿನ ಹೊರಅಂಚು ನೇರವಾಗಿದ್ದರೂ ಮುಂದಕ್ಕೂ ಹಿಂದಕ್ಕೂ ಹೋದಂತೆ ಹಡಗಿನ ಮೈ ಒಳಕ್ಕೆ ಸರಿಯುವುದರಿಂದ ಅಂಚನ್ನು ಓರೆಯಾಗಿ ಕೀಸಬೇಕು. ಒಂದೊಂದಕ್ಕೆ ಒಂದೊಂದು ಓರೆ. ಇದಿಷ್ಟೂ ಆದ ಮೇಲೆ ಹೊರಗಡೆ ಹಲಗೆ ಬರುತ್ತದೆ, ಮೇಲುಗಡೆ ಅಟ್ಟಣೆ ಬರುತ್ತದೆ. ಪಕ್ಕೆಲುಬುಗಳು ಶಾಶ್ವತವಾಗಿ ಕತ್ತಲೆಗೆ ಸಲ್ಲುತ್ತವೆ.

ತಪ್ಪು ಆದದ್ದು ಹದಿನೇಳನೆಯ ಪಕ್ಕೆಲುಬಿನಲ್ಲಿ. ಸಂಜೆಯ ಮಬ್ಬಿನಲ್ಲಿ ಎರಡು ಸಾಲಿಗೂ ಒಂದೇ ಅಚ್ಚಿಟ್ಟು ಕತ್ತರಿಸಿಬಿಟ್ಟಿದ್ದೆ. ಗೋಂದು ಒಣಗಿ, ಓರೆ ಕೀಸಿ, ನಯಗೊಳಿಸಿ, ಅಡಿಮರದ ಮೇಲೆ ನಿಲ್ಲಿಸಿದ ಮೇಲೆ ನೋಡುತ್ತೇನೆ: ಎಡಗಡೆ ಸಂದಿನ ಬೆನ್ನಿಗೆ ಸಂದೇ ಬಂದು ಕುಳಿತಿದೆ. ಹೊರರೂಪದಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ. ಹಲಗೆ ಹೊದಿಸಿದರೆ ಬ್ರಹ್ಮನಿಗೂ ತಿಳಿಯದು.

ಪಕ್ಕದ ಬೀದಿಯ ಮುದುಕ ಬಡಗಿಯೊಬ್ಬರು ನನ್ನ ಉಳಿಗಳನ್ನು ಹದಮಾಡಿಕೊಡುತ್ತಾರೆ. ಅವರಿಗೆ ತೋರಿಸಿದೆ. ಅವರು ನಕ್ಕರು. “ಬಿಡಿ ಸ್ವಾಮಿ, ಮುಚ್ಚಿಹೋಗೋ ಜಾಗ. ನಿಮಗೇನೋ ಪಿಂಚಣಿ ಬರುತ್ತೆ. ನಾವು ಮುಚ್ಚಿಹೋಗೋದನ್ನೆಲ್ಲ ಬಿಚ್ಚಿ ಮತ್ತೆ ಮಾಡ್ತಾ ಕೂತಿದ್ರೆ ಮನೇಲಿ ಒಲೆ ಹತ್ತುತ್ತಿರಲಿಲ್ಲ” ಎಂದರು.

ಮಾತು ನಾಟಿತು. ಪುರುಸೊತ್ತಿದ್ದವನ ಪ್ರಾಮಾಣಿಕತೆ ಎಷ್ಟು ದೊಡ್ಡದು? ದಿನಗೂಲಿಯವನು ಕಾಣದ ಕಡೆ ಮಾಡಿದ ಸಣ್ಣ ಉಳಿತಾಯವನ್ನು ಹಳಿಯುವ ಅಧಿಕಾರ ಬೆಚ್ಚಗೆ ಕುಳಿತು ಆಟಿಕೆ ಮಾಡುವವನಿಗೆ ಎಲ್ಲಿಂದ ಬಂತು? ಆ ರಾತ್ರಿ ನಾನು ಬಲ್ಲ ಉತ್ತರಗಳನ್ನೆಲ್ಲ ಒಂದೊಂದಾಗಿ ತೂಗಿ ನೋಡಿದೆ.

ಮೇಲೊಬ್ಬ ನೋಡುತ್ತಾನೆ ಎಂಬುದು ಮೊದಲ ಉತ್ತರ. ಇದನ್ನು ನಂಬಿದವನಿಗೆ ಕಾಣದ ಕೆಲಸವೆಂಬುದೇ ಇಲ್ಲ. ಅಂದಮೇಲೆ ಅವನು ನನ್ನ ಪ್ರಶ್ನೆಗೆ ಉತ್ತರ ಹೇಳಲಿಲ್ಲ, ಪ್ರಶ್ನೆಯನ್ನೇ ಅಳಿಸಿಹಾಕಿದ. ನನ್ನ ಮನಸ್ಸಿಗೆ ತಿಳಿದಿದೆಯಲ್ಲ ಎಂಬುದು ಎರಡನೆಯದು. ಆದರೆ ಮನಸ್ಸಿನಷ್ಟು ಅನುಕೂಲಸಿಂಧುವಾದ ಸಾಕ್ಷಿ ಇನ್ನೊಂದಿಲ್ಲ. ಇಂದು ಚುಚ್ಚಿದ್ದನ್ನು ಆರು ತಿಂಗಳಿಗೆ ಮರೆಯುತ್ತದೆ, ವರ್ಷಕ್ಕೆ ಸಮರ್ಥಿಸುತ್ತದೆ. ಅಲ್ಲದೆ ನಾನು ತಪ್ಪುಮಾಡದವನು ಎಂದು ನನಗೆ ನಾನೇ ತೋರಿಸಿಕೊಳ್ಳುವ ಆಸೆಯಲ್ಲಿ ಅಹಂಕಾರದ ಪಾಲೆಷ್ಟೋ! ಮೂರನೆಯದು ಪ್ರಯೋಜನದ ಉತ್ತರ: ಕಡಲಿನ ಹಡಗಿನಲ್ಲಿ ಅಂಥ ಸಂದು ಬಿರುಗಾಳಿಯಲ್ಲಿ ಬಾಯಿಬಿಟ್ಟರೆ ಜನ ಮುಳುಗುತ್ತಾರೆ. ನಿಜ. ಆದರೆ ನನ್ನ ಹಡಗಿಗೆ ಬರುವ ಬಿರುಗಾಳಿ ಮನೆಯ ಪಂಕದ್ದು ಮಾತ್ರ.

ಮರುದಿನ ಬಡಗಿ ಉಳಿ ಕೊಡಲು ಬಂದಾಗ, ಹಾಗಾದರೆ ನಿಮ್ಮ ಕೆಲಸದಲ್ಲಿ ಯಾವುದನ್ನು ಬಿಟ್ಟುಬಿಡುತ್ತೀರಿ, ಯಾವುದನ್ನು ಬಿಡುವುದಿಲ್ಲ ಎಂದು ಕೇಳಿದೆ. ಅವರು ಯೋಚಿಸಲೂ ಇಲ್ಲ. “ಭಾರ ಬೀಳೋ ಕಡೆ ಮೋಸ ಮಾಡಬಾರದು. ಮಿಕ್ಕಿದ್ದು ಹೇಗೋ ನಡೆಯುತ್ತೆ” ಎಂದರು.

ನನ್ನ ಮೂರು ಉತ್ತರಗಳಿಗಿಂತ ಈ ಮಾತು ಗಟ್ಟಿ. ಕೆಲಸ ಕಾಣುತ್ತದೆಯೋ ಮುಚ್ಚಿಹೋಗುತ್ತದೆಯೋ ಎಂಬುದು ಕೇಳಬೇಕಾದ ಪ್ರಶ್ನೆಯೇ ಅಲ್ಲ. ಇದರ ಮೇಲೆ ಯಾರ ಭಾರ ಬೀಳುತ್ತದೆ ಎಂದು ಕೇಳಬೇಕು. ಬಾಗಿಲಿನ ಮೇಲ್ಕಟ್ಟಿನ ಮೇಲೆ ಗೋಡೆಯ ಭಾರ ಬೀಳುತ್ತದೆ. ಕಪಾಟಿನ ಹಿಂದಿನ ಹಲಗೆಯ ಮೇಲೆ ಏನೂ ಬೀಳುವುದಿಲ್ಲ. ಅದು ಒರಟಾಗಿದ್ದರೆ ಪಾಪವಿಲ್ಲ.

ಹಾಗಾದರೆ ಮಾದರಿಯ ಮೇಲೆ ಬೀಳುವ ಭಾರವೇನು? ಮರದ್ದಲ್ಲ, ಅಲೆಯದಲ್ಲ, ನಂಬಿಕೆಯದು. ನೋಡಲು ಬಂದವರಿಗೆಲ್ಲ ನಾನು ಹೇಳಿಕೊಂಡು ಬಂದಿದ್ದೆ: “ಒಳಗಡೆಯೂ ಅವರು ಕಟ್ಟಿದಂತೆಯೇ ಕಟ್ಟಿದ್ದೇನೆ.” ಹದಿನೇಳನೆಯ ಪಕ್ಕೆಲುಬು ಆ ಮಾತನ್ನು ಹೊರಬೇಕಾದ ಮರ. ಬಿಡುವುದು ಬೇರೆ, ಬಚ್ಚಿಡುವುದು ಬೇರೆ. ತೆಳುಹಲಗೆಯ ತುಂಡುಗಳಿಂದ ಕಟ್ಟಿದವನು ಯಾರಿಗೂ ಸುಳ್ಳು ಹೇಳುವುದಿಲ್ಲ. ಅವನು ಪಕ್ಕೆಲುಬು ಮಾಡಿದೆನೆಂದು ಹೇಳಿಯೇ ಇಲ್ಲ. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿ ಇಂಗ್ಲೆಂಡಿನ ನೌಕಾಮಂಡಳಿಯ ಕಾಲದ ಮಾದರಿಗಳಲ್ಲಿ ತಳಭಾಗಕ್ಕೆ ಹಲಗೆ ಹೊದಿಸದೆ ಪಕ್ಕೆಲುಬುಗಳನ್ನು ಕಾಣುವಂತೆ ಬಿಡುವ ಪದ್ಧತಿಯಿತ್ತು. ಆದರೆ ಆ ಪಕ್ಕೆಲುಬುಗಳ ಜೋಡಣೆ ನಿಜವಾದ ಹಡಗುಗಳಲ್ಲಿದ್ದಂತಿರಲಿಲ್ಲ, ಅಂದಕ್ಕಾಗಿ ಸರಳಗೊಳಿಸಿದ್ದು. ತೆರೆದಿಟ್ಟ ಆ ಸರಳತೆಯನ್ನು ಯಾರೂ ಮೋಸವೆನ್ನುವುದಿಲ್ಲ. ನಾನು ಕೂಡ ನಿಜವಾದ ಹಡಗಿನ ಸಾವಿರಾರು ಮೊಳೆಗಳನ್ನು ಬಡಿದಿಲ್ಲ, ಕೇಳಿದರೆ ಇಲ್ಲವೆನ್ನುತ್ತೇನೆ. ಆದರೆ ಈ ಸಂದನ್ನು ಕೇಳಿದರೆ? ಹಲಗೆಯ ಹಿಂದೆ ಅಡಗಿ ನಿಲ್ಲಬೇಕಾಗುತ್ತದೆ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೂರ ಏಕೆ ನಡೆದೆನೆಂದು ಓದುಗರು ಕೇಳಬಹುದು. ಕಾರಣವಿದೆ. ನಾನು ಮೇಷ್ಟರಾಗಿದ್ದವನು. ಬಹಳ ಹಿಂದೆ ಒಂದು ಏಪ್ರಿಲ್ ತಿಂಗಳ ರಾತ್ರಿ, ಬೆಳಗಾಗುವುದರೊಳಗೆ ಉತ್ತರಪತ್ರಿಕೆಗಳ ಕಟ್ಟೊಂದನ್ನು ಒಪ್ಪಿಸಬೇಕಾಗಿತ್ತು. ಕೊನೆಯ ಹನ್ನೆರಡು ಪತ್ರಿಕೆಗಳನ್ನು ನಾನು ಓದಲಿಲ್ಲ. ಮೊದಲ ಉತ್ತರವನ್ನೂ ಕೈಬರಹವನ್ನೂ ನೋಡಿ, ತಕ್ಕಷ್ಟೆಂದು ತೋರಿದ ಅಂಕಗಳನ್ನು ಹಾಕಿ, ಕೂಡಿಸಿ, ಕಟ್ಟಿಗೆ ದಾರ ಬಿಗಿದೆ. ಮೊತ್ತದಲ್ಲಿ ತಪ್ಪಿರಲಿಲ್ಲ. ಯಾರೂ ದೂರಲಿಲ್ಲ. ಅಂಕಪಟ್ಟಿಯೆಂಬ ಹಲಗೆ ಎಲ್ಲವನ್ನೂ ನಯವಾಗಿ ಮುಚ್ಚಿತು. ಅಂದು ನಾನು ಅದನ್ನು ಕಪಾಟಿನ ಹಿಂದಿನ ಹಲಗೆಯೆಂದು ಎಣಿಸಿದ್ದೆ. ಆದರೆ ಅದರ ಮೇಲೆ ಹನ್ನೆರಡು ಹುಡುಗರ ಭಾರವಿತ್ತು. ಅವರಲ್ಲಿ ಯಾರಿಗಾದರೂ ಎರಡಂಕ ಕಡಿಮೆಬಿದ್ದು ಯಾವುದಾದರೂ ಬಾಗಿಲು ಮುಚ್ಚಿತೋ ಏನೋ. ಕಟ್ಟು ಕೈಬಿಟ್ಟು ಹೋಯಿತು. ಇನ್ನು ಬಿಚ್ಚಿ ನೋಡುವಂತಿಲ್ಲ.

ಪಕ್ಕೆಲುಬನ್ನಾದರೋ ಬಿಚ್ಚಬಹುದು. ಸ್ಪಿರಿಟ್ಟಿನಲ್ಲಿ ನೆನೆಸಿದೆ, ಗೋಂದು ಬಿಟ್ಟುಕೊಂಡಿತು. ಹೊಸ ಅಚ್ಚು ಬರೆದು, ಕತ್ತರಿಸಿ, ಕೂಡಿಸಿ, ಓರೆ ಕೀಸಲು ಎರಡು ಸಂಜೆ ಹಿಡಿಯಿತು. ಇದರಿಂದ ಆ ಹಳೆಯ ರಾತ್ರಿಯ ಸಾಲ ತೀರಿತೆಂದು ನಾನು ಹೇಳುವುದಿಲ್ಲ. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಜಮಾ ಮಾಡುವುದು ಮತ್ತೊಂದು ಬಗೆಯ ಮುಚ್ಚಾಟ.

ಟ್ರಿಂಕೊಮಲಿಗೆ ಅಡಿಮರವಿಟ್ಟಾಗ ವಾಡಿಯಾ ತಮ್ಮ ಪಾರ್ಸಿ ಸಂಪ್ರದಾಯದಂತೆ ಅಕ್ಷರ ಕೆತ್ತಿದ ಒಂದು ಬೆಳ್ಳಿಯ ಮೊಳೆಯನ್ನು ಅದಕ್ಕೆ ಬಡಿದರಂತೆ. ಹಡಗಿನ ಕ್ಷೇಮಕ್ಕೆ ಅದು ಬೇಕೇ ಬೇಕೆಂಬುದು ಅವರ ನಂಬಿಕೆ. ಆ ಮೊಳೆ ಯಾವ ಮರವನ್ನೂ ಹಿಡಿದು ನಿಲ್ಲಿಸಬೇಕಾಗಿರಲಿಲ್ಲ. ಆದರೂ ಪಕ್ಕೆಲುಬುಗಳಿಗಿಂತ ಮೊದಲು ಅದು ಹೋಗಿ ಕುಳಿತಿತು. ಅದು ಕೆಲಸಗಾರನು ಮುಂದೆ ಬರಲಿರುವ ಭಾರಕ್ಕೆ ಮೊದಲೇ ಕೊಟ್ಟ ಮಾತು ಎಂದು ನಾನು ತಿಳಿದುಕೊಂಡಿದ್ದೇನೆ.

ಮೊನ್ನೆ ಬಡಗಿ ಬಂದಿದ್ದರು. ಸಾಲಾಗಿ ನಿಂತ ಪಕ್ಕೆಲುಬುಗಳ ಮೇಲೆ ಬೆರಳಾಡಿಸಿ, “ಬಿಚ್ಚಿದ್ದು ಯಾವುದು ಸ್ವಾಮಿ?” ಎಂದು ಕೇಳಿದರು. ತೋರಿಸಹೋದರೆ ನನಗೂ ಥಟ್ಟನೆ ಗುರುತು ಸಿಗಲಿಲ್ಲ. ಮುಂದುಗಡೆಯಿಂದ ಎಣಿಸಬೇಕಾಯಿತು.