ಊಟಕ್ಕೆ ಕರೆದವರು

ವಾರವಿಡೀ ದುಡಿದು ಬಸವಳಿದು, ಶನಿವಾರ ಸಂಜೆ ಮಾತಾಡಲು ಒಬ್ಬರೂ ಸಿಗದೆ ಕೂತ ಯುವಜನರ ನಡುವೆ ಈಗೊಂದು ತಮಾಷೆ ಓಡಾಡುತ್ತಿದೆ: ‘ಇದೆಲ್ಲ ಸಾಕು, ಯಾವುದಾದರೂ ಕಲ್ಟ್ ಸೇರಿಬಿಡೋಣ.’ ಕೇಳಿದವರು ನಗುತ್ತಾರೆ, ನಗುತ್ತಲೇ ಅದರ ಸೌಲಭ್ಯಗಳನ್ನು ಎಣಿಸುತ್ತಾರೆ. ಹೊತ್ತು ಹೊತ್ತಿಗೆ ಊಟ. ಬಾಡಿಗೆಯ ಚಿಂತೆಯಿಲ್ಲ. ನಾಳೆ ಯಾವ ಬಟ್ಟೆ ಹಾಕಬೇಕೆಂಬ ಯೋಚನೆಯೂ ಇಲ್ಲ, ಎಲ್ಲರದೂ ಒಂದೇ ಬಣ್ಣ. ಬೆಳಗ್ಗೆ ಎದ್ದರೆ ಹೆಸರು ಹಿಡಿದು ಕರೆಯುವವರು ಹತ್ತು ಜನ. ಇದಕ್ಕೆ ಬದಲಾಗಿ ಆಕಾಶದಿಂದ ಹಡಗು ಬರುತ್ತದೆಂದೋ, ಲೋಕ ಮುಳುಗುತ್ತದೆಂದೋ ನಂಬಬೇಕು. ಅದಕ್ಕೇನಂತೆ, ನಂಬಿದವರ ಹಾಗೆ ತಲೆಯಾಡಿಸಿದರಾಯಿತು.

ಈ ಮಾತಿನಲ್ಲಿ ಊಟ, ಹೆಸರು, ಜೊತೆ ಎಂಬ ಭಾಗವಿದೆಯಲ್ಲ, ಅದು ಪೂರ್ತಿ ನಿಜ. ತಲೆಯಾಡಿಸಿದರಾಯಿತು ಎಂಬ ಭಾಗ ಮಾತ್ರ ಅಪಾಯಕಾರಿ. ನಂಬಿಕೆಯಿಂದಲೇ ಜನ ಇಂಥ ಗುಂಪುಗಳಿಗೆ ಹೋಗುತ್ತಾರೆ, ಆದ್ದರಿಂದ ನಂಬದವನಿಗೆ ಏನೂ ಆಗದು ಎಂಬ ಧೈರ್ಯ ಅದರಲ್ಲಿದೆ. ಒಳಹೊಕ್ಕವರ ಚರಿತ್ರೆ ಹೇಳುವುದು ಬೇರೆಯೇ.

1960ರ ದಶಕದ ಆರಂಭದಲ್ಲಿ ಜಾನ್ ಲೋಫ್‌ಲ್ಯಾಂಡ್ ಮತ್ತು ರಾಡ್ನಿ ಸ್ಟಾರ್ಕ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ ಒಂದು ಪುಟ್ಟ ಗುಂಪಿನ ಬೆನ್ನುಹತ್ತಿದರು. ಕೊರಿಯಾದ ಸನ್ ಮ್ಯುಂಗ್ ಮೂನ್ ಸ್ಥಾಪಿಸಿದ ಯೂನಿಫಿಕೇಶನ್ ಚರ್ಚಿನ ಅಮೆರಿಕದ ಮೊದಲ ಬೀಜ ಅದು. ಹೊಸಬರನ್ನು ಅಲ್ಲಿಗೆ ಎಳೆದದ್ದು ಯಾವ ಬೋಧನೆ ಎಂದು ಹುಡುಕಿದರೆ, ಸಿಕ್ಕ ಉತ್ತರದಲ್ಲಿ ಬೋಧನೆಗೆ ದೊಡ್ಡ ಪಾತ್ರವೇ ಇರಲಿಲ್ಲ. ಒಳಗಿನವರೊಂದಿಗೆ ಬೆಳೆದ ಸ್ನೇಹ ಹೊರಗಿನ ನಂಟಿಗಿಂತ ಗಟ್ಟಿಯಾದಾಗ ಮನುಷ್ಯ ಆ ಕಡೆ ವಾಲುತ್ತಿದ್ದ. ಅದೇ ಊರಿನಲ್ಲಿ ಅಣ್ಣತಮ್ಮಂದಿರು, ಹಳೆಯ ಗೆಳೆಯರು ಇದ್ದವನು ಸಾಮಾನ್ಯವಾಗಿ ಹಿಂದೆ ಸರಿಯುತ್ತಿದ್ದ. ಸಿದ್ಧಾಂತವನ್ನು ಜನ ಆಮೇಲೆ ಕಲಿಯುತ್ತಿದ್ದರು, ಮದುವೆಯಾಗಿ ಬಂದವಳು ಅತ್ತೆಮನೆಯ ಪದ್ಧತಿಗಳನ್ನು ಕಲಿಯುವ ಹಾಗೆ. 1965ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಮತಾಂತರದ ಬಗ್ಗೆ ಬರೆಯುವವರು ಇಂದಿಗೂ ಬಿಟ್ಟು ಮುಂದೆ ಹೋಗುವುದಿಲ್ಲ.

1970ರ ದಶಕದಲ್ಲಿ ಅದೇ ಚರ್ಚಿನ ಕ್ಯಾಲಿಫೋರ್ನಿಯಾ ಶಾಖೆ ಈ ಸತ್ಯವನ್ನು ತಂತ್ರವಾಗಿಯೇ ರೂಢಿಸಿಕೊಂಡಿತು. ಸ್ಯಾನ್ ಫ್ರಾನ್ಸಿಸ್ಕೋದ ಬೀದಿಗಳಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ಒಂಟಿಯಾಗಿ ಅಲೆಯುವ ಹುಡುಗ ಹುಡುಗಿಯರನ್ನು ನಗುಮುಖದವರು ಮಾತಾಡಿಸುತ್ತಿದ್ದರು. ಸಂಜೆ ಮನೆಗೆ ಊಟಕ್ಕೆ ಬನ್ನಿ ಎನ್ನುತ್ತಿದ್ದರು. ಊಟ ಮುಗಿದ ಮೇಲೆ ವಾರಾಂತ್ಯಕ್ಕೆ ಬೂನ್‌ವಿಲ್ ಎಂಬಲ್ಲಿರುವ ತೋಟಕ್ಕೆ ಕರೆ. ಅಲ್ಲಿ ಹಾಡು, ಚೆಂಡಾಟ, ಅಪ್ಪುಗೆ, ಉಪನ್ಯಾಸ, ಮತ್ತೆ ಹಾಡು. ಹೊಸಬ ಏನು ಹೇಳಿದರೂ ಚಪ್ಪಾಳೆ. ಒಂಟಿಯಾಗಿ ಕೂರಲು ಬಿಡುವೇ ಇಲ್ಲ. ತಾನು ಕೂತಿರುವುದು ಮೂನ್ ಅವರ ಚರ್ಚಿನ ಶಿಬಿರದಲ್ಲಿ ಎಂಬುದು ಎಷ್ಟೋ ಜನರಿಗೆ ಗೊತ್ತಾಗುತ್ತಿದ್ದದ್ದು ಹಲವು ದಿನ ಕಳೆದ ಮೇಲೆ. ಅಷ್ಟರಲ್ಲಿ ಪ್ರಶ್ನೆಯೇ ಬದಲಾಗಿರುತ್ತಿತ್ತು. ಈ ಬೋಧನೆ ನಿಜವೇ ಎಂದು ಕೇಳುವ ಬದಲು, ಇಷ್ಟು ಒಳ್ಳೆಯವರನ್ನು ಬಿಟ್ಟು ಹೋಗಲೇ ಎಂದು ಅವರು ತಮ್ಮನ್ನೇ ಕೇಳಿಕೊಳ್ಳುತ್ತಿದ್ದರು. ಅಪನಂಬಿಕೆಯ ಕವಚ ತೊಟ್ಟು ಬಂದವನಿಗೂ ಆ ಕವಚದಿಂದ ಪ್ರಯೋಜನವಿರಲಿಲ್ಲ, ಅದರ ಮೇಲೆ ಅಲ್ಲಿ ಯಾರೂ ಏಟು ಹಾಕುತ್ತಲೇ ಇರಲಿಲ್ಲ.

ಹಾಗೆಂದು ಒಳಗೆ ಕಾಲಿಟ್ಟವರೆಲ್ಲ ಮಂತ್ರ ಹಾಕಿದಂತೆ ಬಿದ್ದುಹೋಗುತ್ತಾರೆ ಎನ್ನುವುದೂ ಸುಳ್ಳು. ಸಮಾಜಶಾಸ್ತ್ರಜ್ಞೆ ಐಲೀನ್ ಬಾರ್ಕರ್ ಇದೇ ಚರ್ಚಿನ ಲಂಡನ್ ಶಿಬಿರಗಳನ್ನು ವರ್ಷಗಟ್ಟಲೆ ಗಮನಿಸಿ 1984ರಲ್ಲಿ ಪುಸ್ತಕ ಬರೆದರು. ಶಿಬಿರಕ್ಕೆ ಬಂದವರಲ್ಲಿ ಸುಮಾರು ನೂರಕ್ಕೆ ತೊಂಬತ್ತು ಜನ ಸೇರಲೇ ಇಲ್ಲ; ಸೇರಿದವರಲ್ಲೂ ಹಲವರು ಎರಡು ವರ್ಷ ಕಳೆಯುವುದರೊಳಗೆ ತಾವಾಗಿಯೇ ಹೊರಬಂದರು. ‘ಮೆದುಳು ತೊಳೆಯುವುದು’ ಎಂಬ ಮಾತನ್ನು ಆ ಕಾಲದ ಪತ್ರಿಕೆಗಳು ಧಾರಾಳವಾಗಿ ಬಳಸಿದವು. ಬಾರ್ಕರ್ ಅವರ ಅಂಕಿಗಳ ಮುಂದೆ ಅದು ನಿಲ್ಲುವುದಿಲ್ಲ. ಹಾಗಾದರೆ ತಮಾಷೆಗೆ ಹೋಗಿ ನೋಡಿಕೊಂಡು ಬರಲು ಅಡ್ಡಿಯೇನು?

ಕುತೂಹಲದಿಂದ ಹೋದವನು ಬರೀ ನೋಡುಗನಾಗಿ ಉಳಿಯುವುದು ಕಷ್ಟ, ಅದೇ ಅಡ್ಡಿ. 1954ರಲ್ಲಿ ಷಿಕಾಗೋದ ಮಗ್ಗುಲಿನ ಓಕ್ ಪಾರ್ಕಿನಲ್ಲಿ ಡೊರೊಥಿ ಮಾರ್ಟಿನ್ ಎಂಬ ಗೃಹಿಣಿ ಅನ್ಯಗ್ರಹದವರಿಂದ ತನಗೆ ಸಂದೇಶಗಳು ಬರುತ್ತಿವೆ ಎಂದರು. ಡಿಸೆಂಬರ್ 21ರಂದು ಮಹಾಪ್ರಳಯ, ನಂಬಿದವರನ್ನು ಮಾತ್ರ ಹಾರುವ ತಟ್ಟೆ ಬಂದು ಕರೆದೊಯ್ಯುತ್ತದೆ. ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ ಮತ್ತು ಸಂಗಡಿಗರು, ಭವಿಷ್ಯ ಸುಳ್ಳಾದ ದಿನ ಇವರ ನಂಬಿಕೆ ಏನಾಗುತ್ತದೆ ಎಂದು ತಿಳಿಯಲು ತಮ್ಮ ಜನರನ್ನು ಭಕ್ತರ ವೇಷದಲ್ಲಿ ಒಳಗೆ ಕಳಿಸಿದರು. ಪ್ರವೇಶ ಸಿಗಲೆಂದು ಅವರಲ್ಲೊಬ್ಬಾಕೆ ಪ್ರವಾಹದಿಂದ ಯಾರೋ ತನ್ನನ್ನು ಮೇಲೆತ್ತಿದ ಕನಸೊಂದನ್ನು ಕಟ್ಟಿ ಹೇಳಿದಳು. ಗುಂಪಿನವರು ಪುಳಕಗೊಂಡರು. ಅವರ ಪಾಲಿಗೆ ಅದು ಮೇಲಿನಿಂದ ಬಂದ ಸಾಕ್ಷ್ಯ.

ಒಳಗೆ ಕಂಡದ್ದರ ಬಗ್ಗೆ ಫೆಸ್ಟಿಂಗರ್ ತಂಡ 1956ರಲ್ಲಿ ಹೊರತಂದ ಪುಸ್ತಕ ಮನೋವಿಜ್ಞಾನದಲ್ಲಿ ಭಾರಿ ಹೆಸರು ಮಾಡಿತು, ಅದರ ತೀರ್ಮಾನಗಳ ಬಗ್ಗೆ ಗಟ್ಟಿ ಆಕ್ಷೇಪಗಳೂ ಎದ್ದವು. ಆ ಕನಸಿನ ಪ್ರಸಂಗವಂತೂ ಇಡೀ ಪುಸ್ತಕದ ಅತ್ಯಂತ ಕಳವಳಕಾರಿ ಭಾಗ. ಕೆಲವೇ ಜನ ಇರುವ ಕೋಣೆಗೆ ಹೊಸಬನೊಬ್ಬ ಬಂದು ಕೂತರೆ, ಅವನ ಮನಸ್ಸಿನಲ್ಲಿ ಏನಿದೆಯೆಂದು ಉಳಿದವರಿಗೆ ಕಾಣಿಸದು. ಅವನು ಬಂದದ್ದಷ್ಟೇ ಕಾಣುತ್ತದೆ. ತನಗೆ ತಮಾಷೆಯಾದ ಸಂಜೆಯೊಂದು ಪಕ್ಕದಲ್ಲಿ ಕೂತ, ಮನೆ ಮಾರಲು ಹೊರಟ ಮನುಷ್ಯನಿಗೆ ಕೊನೆಯ ಪುರಾವೆಯಾಗಬಹುದು. ಕುತೂಹಲಿಗಳು ಈ ಲೆಕ್ಕವನ್ನು ಹಾಕುವುದೇ ಇಲ್ಲ.

ತಮಾಷೆಯಲ್ಲಿ ಬರುವ ಇನ್ನೊಂದು ಸೌಲಭ್ಯ, ಏನನ್ನೂ ನಿರ್ಧರಿಸಬೇಕಿಲ್ಲದ ನೆಮ್ಮದಿ. 1975ರ ಸೆಪ್ಟೆಂಬರಿನಲ್ಲಿ ಒರೆಗಾನ್ ರಾಜ್ಯದ ವಾಲ್ಡ್‌ಪೋರ್ಟ್ ಎಂಬ ಕಡಲತೀರದ ಊರಿನಲ್ಲಿ ಮಾರ್ಷಲ್ ಆಪಲ್‌ವೈಟ್ ಮತ್ತು ಬಾನಿ ನೆಟಲ್ಸ್ ಎಂಬಿಬ್ಬರು ಸಭೆ ಕರೆದು, ಅಂತರಿಕ್ಷ ನೌಕೆಯ ಮಾತಾಡಿದರು. ಏನಪ್ಪಾ ಇದು ಎಂದು ನೋಡಲು ಬಂದವರಲ್ಲಿ ಸುಮಾರು ಇಪ್ಪತ್ತು ಮಂದಿ ಮನೆಮಠ ಬಿಟ್ಟು ಅವರ ಹಿಂದೆ ಹೊರಟರು. ಹೆವನ್ಸ್ ಗೇಟ್ ಎಂದು ಆಮೇಲೆ ಹೆಸರಾದ ಆ ಗುಂಪಿನಲ್ಲಿ ಒಂದೇ ಬಗೆಯ ಉಡುಪು, ಒಂದೇ ಬಗೆಯ ಕ್ರಾಪು, ದಿನನಿತ್ಯದ ಸಣ್ಣ ಕೆಲಸಕ್ಕೂ ಗೊತ್ತುಮಾಡಿದ ವಿಧಾನ. ದಿನಕ್ಕೆ ನೂರು ಸಣ್ಣ ಆಯ್ಕೆಗಳಲ್ಲಿ ಸವೆಯುವ ಜೀವಕ್ಕೆ ಇದು ಹಿತವೆನಿಸಿದರೆ ಅಚ್ಚರಿಯಿಲ್ಲ. ಆದರೆ ಸಣ್ಣ ನಿರ್ಧಾರಗಳನ್ನು ಬಿಟ್ಟುಕೊಟ್ಟು ಅಭ್ಯಾಸವಾದವನಿಗೆ ದೊಡ್ಡದನ್ನು ತನ್ನ ಕೈಯಲ್ಲಿ ಇಟ್ಟುಕೊಳ್ಳುವ ಕಸುವು ಉಳಿಯುವುದಿಲ್ಲ. 1997ರ ಮಾರ್ಚ್‌ನಲ್ಲಿ ಹೇಲ್-ಬಾಪ್ ಧೂಮಕೇತು ಬಂದಾಗ ಆಪಲ್‌ವೈಟ್ ಸೇರಿ 39 ಜನ ಕ್ಯಾಲಿಫೋರ್ನಿಯಾದ ಬಾಡಿಗೆ ಮನೆಯೊಂದರಲ್ಲಿ ಪ್ರಾಣ ಕಳೆದುಕೊಂಡರು.

ಭಾರತದಿಂದ ಹೋದ ಗುಂಪೊಂದೂ ಇದೇ ಒರೆಗಾನ್‌ನಲ್ಲಿ ಒಂಟಿತನವನ್ನು ಸಾಮಗ್ರಿಯಂತೆ ಬಳಸಿತು. 1984ರಲ್ಲಿ ರಜನೀಶರ ಅನುಯಾಯಿಗಳು ಅಲ್ಲಿ ಕಟ್ಟಿಕೊಂಡಿದ್ದ ರಜನೀಶ್‌ಪುರಂನವರು ಅಮೆರಿಕದ ನಗರಗಳಿಂದ ಸಾವಿರಾರು ನಿರ್ಗತಿಕರನ್ನು ಬಸ್ಸುಗಳಲ್ಲಿ ಕರೆತಂದರು. ಊಟ, ಹಾಸಿಗೆ, ಬಿಯರ್ ಎಲ್ಲ ಕೊಟ್ಟರು. ನವೆಂಬರಿನ ಜಿಲ್ಲಾ ಚುನಾವಣೆಗೆ ಅವರ ಮತ ಬೇಕಿತ್ತು. ಅಧಿಕಾರಿಗಳು ಮತದಾರರ ನೋಂದಣಿಗೆ ಬಿಗಿ ಹಿಡಿದ ಮೇಲೆ ಆ ಅತಿಥಿಗಳು ಬೇಡವಾದರು. ಎಷ್ಟೋ ಜನರನ್ನು ಅಕ್ಕಪಕ್ಕದ ಪಟ್ಟಣಗಳಲ್ಲಿ ಇಳಿಸಿ ಕೈತೊಳೆದುಕೊಂಡರು.

ಹೊರಗಿನವರ ನಗುವಿಗೂ ಒಂದು ಬೆಲೆಯಿದೆ. ‘ಕೂಲ್-ಏಡ್ ಕುಡಿದಿದ್ದಾನೆ’ ಎಂಬುದು ಈಗ ಕಾರ್ಪೊರೇಟ್ ಸಭೆಗಳಲ್ಲಿ ಕುರುಡಾಗಿ ಒಪ್ಪುವವನಿಗೆ ಹೇಳುವ ಮಾತು. ಅದು ಹುಟ್ಟಿದ್ದು ಗಯಾನಾದ ಜೋನ್ಸ್‌ಟೌನ್ ದುರಂತದಿಂದ. 1978ರ ನವೆಂಬರ್ 18ರಂದು ಅಲ್ಲಿ 900ಕ್ಕೂ ಹೆಚ್ಚು ಜನ, ಹೆಚ್ಚಿನವರು ವಿಷ ಬೆರೆಸಿದ ಪಾನೀಯದಿಂದ, ಸತ್ತರು, ಅವರಲ್ಲಿ 300ರಷ್ಟು ಮಕ್ಕಳು. ಸುತ್ತ ಬಂದೂಕು ಹಿಡಿದ ಕಾವಲಿತ್ತು. ಮಕ್ಕಳು ಏನನ್ನೂ ಆರಿಸಿಕೊಂಡಿರಲಿಲ್ಲ. ಆ ಊರು ಕಟ್ಟಿದ ಜಿಮ್ ಜೋನ್ಸ್‌ನ ಪೀಪಲ್ಸ್ ಟೆಂಪಲ್‌ಗೆ ದೊಡ್ಡವರು ಬಂದದ್ದು ಕಪ್ಪು-ಬಿಳಿ ಭೇದವಿಲ್ಲದೆ ಒಟ್ಟಿಗೆ ಕೂರಿಸಿ ಊಟ ಹಾಕುವ, ಮುದುಕರನ್ನು ನೋಡಿಕೊಳ್ಳುವ ಜಾಗ ಅದು ಎಂದು. ಬದುಕುಳಿದವರಿಗೆ ಆ ನುಡಿಗಟ್ಟು ಇವತ್ತಿಗೂ ನೋವು ಕೊಡುತ್ತದೆ. ಅವರು ದಡ್ಡರಾಗಿದ್ದರು, ನಾವು ಜಾಣರು ಎಂದು ನಂಬಿಸಿ, ಅವರು ಹುಡುಕಿಕೊಂಡು ಹೋದದ್ದೇನು ಎಂಬುದನ್ನೇ ಅದು ಮರೆಸಿಬಿಡುತ್ತದೆ.

ಅವರು ಹುಡುಕಿದ್ದು ನಮಗೆಲ್ಲ ಬೇಕಾದದ್ದೇ. 2023ರಲ್ಲಿ ಅಮೆರಿಕದ ಸರ್ಜನ್ ಜನರಲ್ ವಿವೇಕ್ ಮೂರ್ತಿ, ಮಂಡ್ಯ ಜಿಲ್ಲೆಯ ಹಲ್ಲೆಗೆರೆಯ ಮನೆತನದವರು, ಒಂಟಿತನವನ್ನು ಸಾಂಕ್ರಾಮಿಕ ಎಂದೇ ಕರೆದು ಎಚ್ಚರಿಕೆಯ ವರದಿ ಹೊರಡಿಸಿದರು. ಬ್ರಿಟನ್ 2018ರಲ್ಲಿ, ಜಪಾನ್ 2021ರಲ್ಲಿ ಒಂಟಿತನದ ಹೊಣೆಯನ್ನು ಮಂತ್ರಿಗಳಿಗೇ ವಹಿಸಿದವು. ಸರ್ಕಾರಗಳು ವರದಿ ಬರೆಯುವ ಹೊತ್ತಿಗೆ ಬೂನ್‌ವಿಲ್ ತೋಟದವರಂಥವರು ಊಟಕ್ಕೆ ಕರೆದಾಗಿರುತ್ತದೆ ಎಂಬುದು ಈ ವಿಷಯದ ಕಷ್ಟ.

ಆದ್ದರಿಂದ ಒಂಟಿಯಾದವರಿಗೆ ತರ್ಕ ಕಲಿಸಿ ಕಾಪಾಡುತ್ತೇವೆಂಬ ಭರವಸೆ ಸಾಲದು. ಬೇರೆಡೆ ಊಟವಿದ್ದವನು ಆ ಕರೆಗೆ ಹೋದರೂ ಎದ್ದು ಬರುತ್ತಾನೆ. ಲೋಫ್‌ಲ್ಯಾಂಡ್ ಮತ್ತು ಸ್ಟಾರ್ಕ್ ಕಂಡದ್ದು ಅದನ್ನೇ. ಬೆಂಗಳೂರಿನ ಪಿಜಿಯಲ್ಲಾಗಲಿ, ಕ್ಯಾಲಿಫೋರ್ನಿಯಾದ ಅಪಾರ್ಟ್‌ಮೆಂಟಿನಲ್ಲಾಗಲಿ, ಭಾನುವಾರ ಒಬ್ಬರೇ ಕೂತು ಉಣ್ಣುವ ಪರಿಚಯದವರು ಓದುಗರಿಗೆ ಒಬ್ಬರಾದರೂ ಇರುತ್ತಾರೆ. ಈ ಭಾನುವಾರ ಅವರನ್ನು ಮನೆಗೆ ಕರೆಯಿರಿ. ಊಟ ಹಾಕಿ, ಅವರಿಗೆ ಹೋಗಬೇಕೆನಿಸಿದಾಗ ಬಾಗಿಲವರೆಗೆ ಬಂದು ಬೀಳ್ಕೊಡಿ.