ಮಕ್ಕಳಿರುವ ಮನೆಗೆ ಎಂಥ ನಾಯಿ?

ಈ ಹಟ ನಿಮ್ಮ ಮನೆಯಲ್ಲಿಯೂ ಒಂದಲ್ಲ ಒಂದು ದಿನ ಎದ್ದಿರಬೇಕು: "ಅಪ್ಪಾ, ನಮಗೂ ಒಂದು ನಾಯಿಮರಿ ಬೇಕು." ಕೊಟ್ಟೂರು ಕಡೆಯ ಪರಿಚಿತರೊಬ್ಬರು ಭಾನುವಾರದ ಪೂಜೆ ಮುಗಿದ ಮೇಲೆ ನನ್ನನ್ನು ತಡೆದು ಕೇಳಿದರು: "ಸಣ್ಣ ಮಕ್ಕಳನ್ನ ಕಚ್ಚದಂಥ ಜಾತಿ ಯಾವುದಾದ್ರೂ ಐತೇನ್ರಿ?" ಮಗನಿಗೆ ಏಳು ವರ್ಷ, ಮಗಳಿಗೆ ಎರಡು. ಬೆಂಗಳೂರಿನಿಂದ ಹಸ್ಕಿ ಮರಿ ತರಿಸುವ ಯೋಚನೆ ಅವರದು. ಫೋನಿನಲ್ಲಿ ಅದರ ನೀಲಿ ಕಣ್ಣು ನೋಡಿ ಮಗ ಊಟ ಬಿಟ್ಟಿದ್ದನಂತೆ.

ಅಂಥ ಜಾತಿ ಇಲ್ಲ. ಹಲ್ಲಿರುವ ಯಾವ ನಾಯಿಯೂ ಹೆದರಿದರೆ, ನೊಂದರೆ ಕಚ್ಚಬಲ್ಲದು. ಆದರೆ ಅವರ ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಅಡಗಿದೆ. ನಮ್ಮ ಮಕ್ಕಳ ಸಂತೋಷಕ್ಕೆಂದು ಒಂದು ಜೀವವನ್ನು ಅದರ ತಾಯಿಯಿಂದ ಬಿಡಿಸಿ ತರುತ್ತೇವಲ್ಲ, ಆಮೇಲೆ ಅದರ ಋಣ ನಮ್ಮ ಮೇಲೆ ಎಷ್ಟು?

ಮೊದಲು ಈ 'ಜಾತಿ'ಯ ಮಾತು. ಮನುಷ್ಯರಲ್ಲಿ ಜಾತಿ ನೋಡಿ ಗುಣ ಅಳೆಯಬಾರದೆಂದು ಮಕ್ಕಳಿಗೆ ಕಲಿಸುವ ನಾವೇ ನಾಯಿಯಲ್ಲಿ ಜಾತಿಯೇ ಎಲ್ಲವೆಂದು ನಂಬುತ್ತೇವೆ. ಅಮೆರಿಕದಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಬಗ್ಗೆ ನಡೆದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಒಂದು ನಾಯಿಗೂ ಇನ್ನೊಂದಕ್ಕೂ ನಡತೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯ ಪಾಲು ಸುಮಾರು ಶೇಕಡಾ 9 ಮಾತ್ರವೆಂದು ಅದು ಹೇಳಿತು. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ಉಗ್ರವೆಂದು ಹೆಸರಿಸಿ ಸಾಕುವುದನ್ನು ತಡೆಯಲು ಸುತ್ತೋಲೆ ಹೊರಡಿಸಿತ್ತು. ಸಂಬಂಧಪಟ್ಟವರ ಮಾತು ಕೇಳದೆ ಹೊರಡಿಸಿದ್ದೆಂದು ನಮ್ಮ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದುಪಡಿಸಿತು. ಹಾಗೆಂದು ತಳಿ ಏನೂ ಅಲ್ಲವೆಂದಲ್ಲ. ಮೈಕಟ್ಟು, ತುಪ್ಪಳ, ಓಡುವ ಚಟ ತಳಿಯಿಂದಲೇ ಬರುತ್ತವೆ.

ಹಸ್ಕಿ ಹಿಮದ ಮೇಲೆ ಬಂಡಿ ಎಳೆಯಲು ಸೈಬೀರಿಯಾದಲ್ಲಿ ಬೆಳೆಸಿದ ನಾಯಿ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ಅದು ತಂಪಾಗಬೇಕು. ಕೂಡ್ಲಿಗಿ, ಹರಪನಹಳ್ಳಿಗಳ ಏಪ್ರಿಲ್ ಬಿಸಿಲಲ್ಲಿ, ಕರೆಂಟ್ ಹೋದ ಮಧ್ಯಾಹ್ನ, ಆ ತುಪ್ಪಳ ಹೊತ್ತ ಪ್ರಾಣಿಯ ಗತಿಯೇನು? ಅದರ ಬೆಲೆ ಹತ್ತಾರು ಸಾವಿರ. ತಂಪಾಗಿಡುವ ಖರ್ಚು ಬೇರೆ. ಧರ್ಮಸಭೆಯ 1992ರ ಧರ್ಮೋಪದೇಶ ಗ್ರಂಥ ಇಲ್ಲಿ ಎರಡೂ ಕಡೆ ಎಚ್ಚರಿಸುತ್ತದೆ: ಪ್ರಾಣಿಗಳನ್ನು ಅನಗತ್ಯವಾಗಿ ನೋಯಿಸುವುದೂ ಸಲ್ಲದು, ಮನುಷ್ಯರ ಸಂಕಟಕ್ಕೆ ಮೊದಲು ಸಲ್ಲಬೇಕಾದ ಹಣವನ್ನು ಅವುಗಳ ಮೇಲೆ ಸುರಿಯುವುದೂ ಸಲ್ಲದು. ಹಸ್ಕಿ ತಂದರೆ ಎರಡು ತಪ್ಪೂ ಒಟ್ಟಿಗೇ ಆಗುತ್ತವೆ!

ಲ್ಯಾಬ್ರಡಾರ್ ಸೌಮ್ಯ ಸ್ವಭಾವದ್ದೆಂದು ಹೆಸರಾಗಿದೆ. ಆದರೆ ಬೆಳೆದರೆ ಮೂವತ್ತು ಕಿಲೋ ತೂಗುತ್ತದೆ. ಪ್ರೀತಿಯಿಂದ ಮೈಮೇಲೆ ಬಂದರೂ ಎರಡು ವರ್ಷದ ಕೂಸು ಕೆಳಗೆ ಬೀಳುತ್ತದೆ. ಮುಧೋಳ ನಾಯಿ ನಮ್ಮ ನಾಡಿನ ಹೆಮ್ಮೆ. 2005ರಲ್ಲಿ ಅದರ ಚಿತ್ರದ ಅಂಚೆಚೀಟಿಯೂ ಬಂತು. ಈ ಹವೆ ಅದಕ್ಕೆ ಒಗ್ಗುತ್ತದೆ. ಆದರೆ ಅದು ಕಣ್ಣಿಗೆ ಬಿದ್ದುದನ್ನು ಅಟ್ಟುವ ಬೇಟೆನಾಯಿ. ದಿನವೂ ಓಡಲು ಬಯಲು ಬೇಕು. ಗೇಣುದ್ದದ ಸರಪಳಿಯಲ್ಲಿ ಕಟ್ಟಿದರೆ ಕೆಡುತ್ತದೆ. ಹೊಲವಿದ್ದವರಿಗೆ ಒಳ್ಳೆಯದು. ಉಳಿದವರಿಗೆ, ನನ್ನನ್ನು ಕೇಳಿದರೆ, ನಮ್ಮ ಓಣಿಯ ನಾಡನಾಯಿಯ ಮರಿಯೇ ಸಾಕು. ಬಿಸಿಲು ಅದಕ್ಕೆ ಹೊಸದಲ್ಲ, ತುಪ್ಪಳ ಕಡಿಮೆ. ಅದರ ತಾಯಿಯ ಗುಣ ಓಣಿಗೆಲ್ಲ ಗೊತ್ತಿರುತ್ತದೆ.

ನನ್ನ ಮನಸ್ಸಿನಲ್ಲಿ ಉಳಿದಿರುವ ನಾಯಿಯೂ ನಾಡನಾಯಿಯೇ. ನಾನು ಚಿಕ್ಕವನಿದ್ದಾಗ ಅದು ಅನ್ನ ತಿನ್ನುತ್ತಿದ್ದಾಗ ತಟ್ಟೆ ಎಳೆದವನು ನಾನು; ಕಚ್ಚಿಸಿಕೊಂಡವಳು ಪಕ್ಕದಲ್ಲಿದ್ದ ತಂಗಿ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮರುದಿನ ಅಪ್ಪ ಅದನ್ನು ಗೋಣಿಚೀಲದಲ್ಲಿ ಹಾಕಿ ಹಗರಿಯ ಆಚೆ ಬಿಟ್ಟುಬಂದರು. ಅಪ್ಪನನ್ನು ದೂರಲಾರೆ. ಮಗುವಿನ ರಕ್ಷಣೆ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕಚ್ಚಿದ ಸಾಕುನಾಯಿಯನ್ನು ಹತ್ತು ದಿನ ಕಣ್ಣೆದುರು ಇಟ್ಟುಕೊಂಡು ರೇಬೀಸ್ ಲಕ್ಷಣ ಇದೆಯೇ ಎಂದು ನೋಡಬೇಕು. ಅದನ್ನು ದೂರ ಬಿಟ್ಟದ್ದರಿಂದ ನಾಯಿಗೂ ಅನ್ಯಾಯವಾಯಿತು, ತಂಗಿಯ ಜೀವಕ್ಕೂ ಅಪಾಯವಿತ್ತು. ಇಂದು ನೀವು ಹಾಗೆ ಮಾಡಬೇಡಿ. ಕಚ್ಚಿದ ಕೂಡಲೇ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ ಮೆತ್ತಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಆರಂಭಿಸಿ, ಹೇಳಿದ ದಿನಗಳಲ್ಲಿ ತಪ್ಪದೆ ಮುಗಿಸಿ.

ನಾಯಿಯ ಋಣವನ್ನು ನಮ್ಮ ಹಿರಿಯರು ಅರಿಯದವರಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಹತ್ತನೆಯ ಶತಮಾನದ ಕಲ್ಲು ಇದಕ್ಕೆ ಸಾಕ್ಷಿ. ಗಂಗರಸ ಬೂತುಗ ಮೆಚ್ಚಿ ಏನು ಬೇಕು ಕೇಳೆಂದಾಗ ಮಣಲೇರನೆಂಬ ವೀರ ಕೇಳಿದ್ದು 'ಕಾಳಿ' ಎಂಬ ನಾಯಿಯನ್ನು. ಕಾಡುಹಂದಿಯೊಡನೆ ಹೋರಾಡಿ ಅದು ಸತ್ತಾಗ ಅದರ ನೆನಪಿಗೆ ಕಲ್ಲು ನಿಲ್ಲಿಸಿದ. ನಮ್ಮ ತೋಬಿತ್ ಗ್ರಂಥದಲ್ಲಿಯೂ ಯುವಕ ತೋಬಿಯಾಸನ ದೂರ ಪ್ರಯಾಣದಲ್ಲಿ ದೇವದೂತನ ಜೊತೆಗೆ ಒಂದು ನಾಯಿ ನಡೆಯುತ್ತದೆ. ಅದರ ಜಾತಿ ಯಾವುದೆಂದು ಗ್ರಂಥ ಹೇಳುವುದಿಲ್ಲ.

ಕೊಟ್ಟೂರಿನವರಿಗೆ ನಾನು ಹೇಳಿದ್ದಿಷ್ಟು: ಕಿರಿಯಳಿಗೆ ಐದಾರು ವರ್ಷವಾಗುವ ತನಕ ಕಾಯಿರಿ. ನಾಯಿ ತಿನ್ನುವಾಗ, ಮಲಗಿದಾಗ ಮುಟ್ಟಬಾರದೆಂಬ ಮಾತು ಅವಳಿಗೆ ಆಗ ಅರ್ಥವಾಗುತ್ತದೆ. ಮಗನ ಉತ್ಸಾಹ ಇಳಿದ ಮೇಲೆ ಅನ್ನ ಹಾಕುವವರು ಯಾರೆಂದು ಮನೆಯವರನ್ನು ಈಗಲೇ ಕೇಳಿ. ನಾಯಿ ಹನ್ನೆರಡು ವರ್ಷವಾದರೂ ಬದುಕುತ್ತದೆ. (ಆ ಪ್ರಶ್ನೆಗೆ ಅವರು ನಕ್ಕರು. ಹೆಂಡತಿ ನಗಲಿಲ್ಲ.) ತರುವ ದಿನ ಬಂದಾಗ ಮರಿಗೆ ಎಂಟು ವಾರ ತುಂಬಿರಲಿ, ಮೂರು ತಿಂಗಳಿಗೆ ರೇಬೀಸ್ ಲಸಿಕೆ ಹಾಕಿಸಿ. ಮರಿಯನ್ನು ಎತ್ತಿಕೊಳ್ಳುವ ಮೊದಲು ತಾಯಿನಾಯಿಯ ಹತ್ತಿರ ಸ್ವಲ್ಪ ಹೊತ್ತು ಕುಳಿತು ನೋಡಿ. ಓಣಿಯ ಮಕ್ಕಳು ಪಕ್ಕದಲ್ಲಿ ಓಡಿದಾಗ ಅದು ಬಾಲ ಆಡಿಸುತ್ತದೆಯೋ, ಗುರ್ ಎನ್ನುತ್ತದೆಯೋ ಗೊತ್ತಾಗುತ್ತದೆ.