ಯಾರದೋ ಯುದ್ಧ, ಯಾರ ಧರ್ಮ?

1822ರ ಜುಲೈ. ಎಪಿರಸ್ ಸೀಮೆಯ ಪೇಟಾ ಎಂಬ ಹಳ್ಳಿಯ ಬಳಿ ಒಟ್ಟೋಮನ್ ಆಳ್ವಿಕೆಯ ವಿರುದ್ಧ ದಂಗೆಯೆದ್ದಿದ್ದ ಗ್ರೀಕ್ ಹೋರಾಟಗಾರರು ಕಲ್ಲು ಪೇರಿಸಿ, ಅದರ ಮರೆಯಲ್ಲಿ ಒಟ್ಟೋಮನ್ ಸೇನೆಗಾಗಿ ಕಾದರು. ಅವರ ನೆರವಿಗೆ ಬಂದಿದ್ದ ಜರ್ಮನ್, ಇಟಾಲಿಯನ್, ಫ್ರೆಂಚ್, ಪೋಲಿಷ್ ಸ್ವಯಂಸೇವಕರಿಗೆ ಅದು ಹೇಡಿತನವಾಗಿ ಕಂಡಿತು. ಹಲವರು ನೆಪೋಲಿಯನ್ ಕಾಲದ ಯುದ್ಧಗಳಲ್ಲಿ ಪಳಗಿದವರು. ಬಯಲಿಗೆ ಎದೆಯೊಡ್ಡಿ ನಿಂತರು. ಸುಮಾರು ನೂರು ಮಂದಿಯಲ್ಲಿ ಅರ್ಧಕ್ಕೂ ಹೆಚ್ಚು ಜನ ಅಂದೇ ಸತ್ತರು. ದಿಬ್ಬ ಕಾಯಬೇಕಿದ್ದ ಸ್ಥಳೀಯ ಪಡೆಯೊಂದು ಕೈಕೊಟ್ಟಿದ್ದೂ ನಿಜ.

ಗೀತೆ ಬಲ್ಲವರಿಗೆ ಇಲ್ಲೊಂದು ತೊಡಕಿದೆ. ಅರ್ಜುನ ಬಿಲ್ಲೆತ್ತಬೇಕಾದದ್ದು ಅದು ಅವನ ಸ್ವಧರ್ಮವೆಂದು: ಅವನ ಕುಲ, ಅವನ ರಾಜ್ಯ, ಅವನಿಗೇ ಆದ ಅನ್ಯಾಯ. ಹೋಮರ್, ಪ್ಲುಟಾರ್ಕ್ ಓದಿ ಹಡಗು ಹತ್ತಿದ ಜರ್ಮನ್ ತರುಣನಿಗೆ ಗ್ರೀಸಿನಲ್ಲೇನು ಸ್ವಧರ್ಮ? ಅನ್ಯಾಯ ಕಂಡ ಮೇಲೆ ಊರು ಕೇರಿ ಎಣಿಸಬಾರದು ಎನ್ನಬಹುದು, ಒಪ್ಪತಕ್ಕ ಮಾತೇ. ಆದರೆ ಗ್ರೀಕ್ ರೈತನಿಗಿಲ್ಲದ ಅನುಕೂಲ ಹೊರಗಿನವನಿಗಿದೆ. ಸಾಕೆನಿಸಿದ ದಿನ ಅವನು ಊರಿಗೆ ಮರಳಬಹುದು.

ಹಾಗೆ ಗ್ರೀಕರ ನೆರವಿಗೆ ಹೋಗಿದ್ದ ಸ್ಕಾಟ್ಲೆಂಡಿನ ಥಾಮಸ್ ಗಾರ್ಡನ್ ಮರಳಿಯೇಬಿಟ್ಟ. 1821ರ ಅಕ್ಟೋಬರಿನಲ್ಲಿ ಟ್ರಿಪೊಲಿಟ್ಸಾ ಪಟ್ಟಣ ಗೆದ್ದ ಗ್ರೀಕರು ಸಾವಿರಾರು ಮುಸ್ಲಿಮರನ್ನೂ ಯೆಹೂದಿಗಳನ್ನೂ, ಹೆಂಗಸರು ಮಕ್ಕಳೆನ್ನದೆ, ಕೊಂದುಹಾಕಿದರು. ಗಾರ್ಡನ್ ಹೇಸಿ ಸೇವೆ ಬಿಟ್ಟ. ಮರುವರ್ಷ ಕಿಯೋಸ್ ದ್ವೀಪದಲ್ಲಿ ಒಟ್ಟೋಮನ್ನರು ನಡೆಸಿದ ಕಗ್ಗೊಲೆ ಇನ್ನೂ ಘೋರ. ಹಾಗೆಂದು ಟ್ರಿಪೊಲಿಟ್ಸಾದ ಲೆಕ್ಕ ಚುಕ್ತಾ ಆಗುವುದಿಲ್ಲ.

ಉದ್ಯೋಗಪರ್ವದ ರುಕ್ಮಿ ಸೇನೆಸಮೇತ ಬಂದು, ಹೆದರಿಕೆಯಾದರೆ ತಾನಿದ್ದೇನೆಂದು ಅರ್ಜುನನಿಗೇ ಅಭಯ ಕೊಡುತ್ತಾನೆ. ಪಾಂಡವರು ಬೇಡವೆಂದರು, ಕೌರವರೂ ಬೇಡವೆಂದರು. ನೆರವಿಗೆ ಬರುವವನ ಗತ್ತು ಎಷ್ಟು ಅಸಹನೀಯವೆಂದು ವ್ಯಾಸರಿಗೆ ಗೊತ್ತಿತ್ತು. ಹೋಮರನ ವೀರರ ಮಾದರಿಯ ಶಿರಸ್ತ್ರಾಣ ಮಾಡಿಸಿಕೊಂಡು ಗ್ರೀಸಿಗೆ ಹೊರಟ ಕವಿ ಬೈರನ್‌ನಲ್ಲೂ ಆ ಗತ್ತಿತ್ತು. ಆದರೆ 1824ರ ಜನವರಿಯಲ್ಲಿ ಮಿಸೊಲೊಂಗಿಗೆ ಬಂದ ಅವನಿಗೆ ಎದುರಾದದ್ದು ಕೆಸರು, ಮಳೆ, ಸಂಬಳಕ್ಕಾಗಿ ಜಗಳ ತೆಗೆಯುವ, ಸೂಲಿಯೋಟ್ ಎಂಬ ಗುಡ್ಡಗಾಡಿನ ಯೋಧರ ಪಡೆ. ಒಂದೂ ಕದನ ಕಾಣದೆ, ಏಪ್ರಿಲ್ 19ರಂದು, ಜ್ವರದಿಂದಲೂ ರಕ್ತ ಬಸಿದ ವೈದ್ಯರಿಂದಲೂ ತೀರಿಕೊಂಡ. ಅಷ್ಟರೊಳಗೆ ಸೆರೆಯಲ್ಲಿದ್ದ ಕೆಲವು ತುರ್ಕರನ್ನು ಬಿಡಿಸಿ ಅವರವರ ಕಡೆಗೇ ಕಳಿಸಿದ್ದ. ಅವನು ಗ್ರೀಸಿನಲ್ಲಿ ಮಾಡಿದ ಅತ್ಯಂತ ಧರ್ಮದ ಕೆಲಸ ಇದೇ ಇರಬೇಕು.

ಇಟಲಿಯ ಸಾಂತಾರೋಸಾನದು ಬೇರೆ ದಾರಿ. ಪೀಡ್‌ಮಾಂಟ್‌ನ 1821ರ ದಂಗೆಯಲ್ಲಿ ಯುದ್ಧಮಂತ್ರಿಯಾಗಿದ್ದವನು. ಅವನ ಹೆಸರು ಕೇಳಿದರೆ ಯುರೋಪಿನ ರಾಜರು ಮುನಿದಾರೆಂದು, ಹೆಸರು ಮರೆಸಿಕೊಂಡಿರಲು ಗ್ರೀಕ್ ಸರ್ಕಾರ ಕೇಳಿತು. ಅದಕ್ಕೂ ಒಪ್ಪಿ, ಸಾಮಾನ್ಯ ಸಿಪಾಯಿಯಾಗಿ ಬಂದೂಕು ಹೊತ್ತು, 1825ರ ಮೇ ತಿಂಗಳಲ್ಲಿ ಸ್ಫಾಕ್ಟೀರಿಯಾ ದ್ವೀಪದಲ್ಲಿ ಸತ್ತ. ಅಹಂಕಾರ ಕಳೆಯುವುದೆಂದರೆ ಹೀಗೆಯೇ. ಆದರೆ ಪೂರ್ತಿ ತಲೆಬಾಗಿದವನು ಟ್ರಿಪೊಲಿಟ್ಸಾದಲ್ಲಿದ್ದಿದ್ದರೆ ಏನು ಮಾಡಬೇಕಿತ್ತು? ಸಾಂತಾರೋಸಾನ ಬದುಕು ಆ ಪ್ರಶ್ನೆಗೆ ಸಿಗಲಿಲ್ಲ.

ಗಾರ್ಡನ್ ಮಾತ್ರ 1826ರಲ್ಲಿ ಮತ್ತೆ ಬಂದ. ಅಥೆನ್ಸಿನ ಮುತ್ತಿಗೆ ತೆರವುಗೊಳಿಸುವ ಯತ್ನದಲ್ಲಿ ಪಡೆ ನಡೆಸಿದ. 1832ರಲ್ಲಿ ಪ್ರಕಟಿಸಿದ ಗ್ರೀಕ್ ಕ್ರಾಂತಿಯ ಇತಿಹಾಸದಲ್ಲಿ, ತಾನು ಯಾರ ಪರ ಹೋರಾಡಿದನೋ ಅವರ ಪಾತಕಗಳನ್ನೂ ಬರೆದಿಟ್ಟ.